ಸೋಡಾ ಸಂಗತಿ: ಈ ಬೇಸಿಗೆಯ ಪತ್ರಗಳು

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ನೆರಳಿಗೂ ಬೆಲೆ ಬರುತ್ತದೆ, ಈ ಅಂಕಣಕ್ಕೆ ಪತ್ರಗಳೂ ಹೆಚ್ಚುತ್ತವೆ. ಹೊಸ ಓದುಗರಿಗಾಗಿ ಒಂದು ಮಾತು. ನಾನು ಹುಟ್ಟಿ ಬೆಳೆದದ್ದು ಇಂಡಿಯಲ್ಲಿ, ಅಪ್ಪನ ಗೋಲಿ ಸೋಡಾ ಕಾರ್ಖಾನೆಯ ಹಿಂದಿನ ಎರಡು ಕೋಣೆಗಳಲ್ಲಿ. ಕಾರ್ಖಾನೆ ಎಂದರೆ ಒಂದು ಯಂತ್ರ, ಒಂದು ಗ್ಯಾಸ್ ಸಿಲಿಂಡರ್, ಒಂದು ನೀರಿನ ತೊಟ್ಟಿ. ಹೊಸ ಶರಬತ್ತು ಕೂಡಿಸಿದಾಗಲೆಲ್ಲ ಅಪ್ಪ ಎರಡು ಲೋಟ ಸೋಡಾ ತುಂಬುತ್ತಿದ್ದ. ಒಂದನ್ನು ತಣ್ಣಗಿರುವಾಗಲೇ ಕುಡಿಯುವುದು. ಇನ್ನೊಂದನ್ನು ಹಾಗೆಯೇ ತೆರೆದಿಟ್ಟು, ಗ್ಯಾಸೆಲ್ಲ ಹೋಗಿ ಬೆಚ್ಚಗಾದ ಮೇಲೆ ಕುಡಿಯುವುದು. ಎರಡನೆಯ ಲೋಟ ಗಂಟಲಿಗಿಳಿಯದಿದ್ದರೆ ಆ ಶರಬತ್ತು ಗಿರಾಕಿಗೆ ಹೋಗುತ್ತಿರಲಿಲ್ಲ. ತಂಪು ಮತ್ತು ಗ್ಯಾಸು ಎರಡೂ ಕೂಡಿ ಎಂಥ ಕೆಟ್ಟ ರುಚಿಯನ್ನೂ ಮುಚ್ಚಿಬಿಡುತ್ತವೆ ಎಂಬುದು ಅವನ ಅನುಭವ. ಇಂದಿಗೂ ಯಾವ ಊರಿನ ಯಾವ ಬಾಟಲಿ ಕೈಗೆ ಬಂದರೂ ನಾನು ಎರಡು ಲೋಟ ಇಡುತ್ತೇನೆ.

ಅಕ್ಕಾ, ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ. ಮೊಮ್ಮಗ ಪುಣೆಯಿಂದ ನೇರಳೆ ಬಣ್ಣದ ‘ಗ್ರೇಪ್ ಸೋಡಾ’ ತಂದಿದ್ದ. ಮೂವತ್ತು ವರ್ಷದಿಂದ ದ್ರಾಕ್ಷಿ ತಿಂದ ನಾಲಿಗೆಗೆ ಅದರಲ್ಲಿ ದ್ರಾಕ್ಷಿಯ ಸುಳಿವೇ ಸಿಗಲಿಲ್ಲ. ಇದು ಯಾವ ದ್ರಾಕ್ಷಿ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಕಾಕಾ, ನಿಮ್ಮ ನಾಲಿಗೆ ತಪ್ಪು ಹೇಳಿಲ್ಲ. ನಿಮ್ಮ ತೋಟದಲ್ಲಿರುವುದು ಬಹುಶಃ ಥಾಮ್ಸನ್ ಸೀಡ್‌ಲೆಸ್ ಅಥವಾ ಅದರ ಬಳಗದ ಸೋನಾಕಾ, ಮಾಣಿಕ್ ಚಮನ್. ಇವೆಲ್ಲ ಯುರೋಪು, ಏಷ್ಯಾ ಕಡೆಯ ದ್ರಾಕ್ಷಿಯ ಕುಲ. ಸೋಡಾದ ನೇರಳೆ ರುಚಿ ಬಂದದ್ದು ಅಮೆರಿಕದ ಕಾಡುದ್ರಾಕ್ಷಿಯ ಕುಲದಿಂದ. ಅಲ್ಲಿನ ಮಸಾಚುಸೆಟ್ಸ್ ರಾಜ್ಯದ ಕಾಂಕಾರ್ಡ್ ಎಂಬ ಊರಿನಲ್ಲಿ 1849ರಲ್ಲಿ ಬೆಳೆದ ತಳಿಗೆ ಊರಿನ ಹೆಸರೇ ನಿಂತಿತು. ಅಮೆರಿಕದವರು ದ್ರಾಕ್ಷಿ ರಸವೆಂದರೂ ಜ್ಯಾಮ್ ಎಂದರೂ ನೆನೆಯುವುದು ಆ ಕಾಂಕಾರ್ಡ್ ದ್ರಾಕ್ಷಿಯನ್ನೇ. ಅದರ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರಾನಿಲೇಟ್ ಎಂಬ ಪದಾರ್ಥ. ಅದನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಿಸಬಹುದಾದ್ದರಿಂದ ಸೋಡಾ, ಪೆಪ್ಪರಮಿಂಟು, ಚೂಯಿಂಗ್ ಗಮ್ ಎಲ್ಲದರಲ್ಲೂ ‘ದ್ರಾಕ್ಷಿ’ ಎಂದರೆ ಇದೇ ಆಗಿಹೋಯಿತು.

ನಮ್ಮ ನಾಡಿನಲ್ಲಿಯೇ ಈ ಘಮವನ್ನು ಹುಡುಕಬೇಕೆಂದರೆ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಮೂಸಿ ನೋಡಿ. ಅದೂ ಅಮೆರಿಕದ ಕುಲದ ರಕ್ತವಿರುವ ಹಣ್ಣು. ಸಿಪ್ಪೆ ಜಾರಿ ಬರುತ್ತದೆ, ಬಾಯಿ ತುಂಬ ವಾಸನೆ. ದೊಡ್ಡ ಮಗಳನ್ನು ಬೆಂಗಳೂರಿನಲ್ಲಿ ಕಾಲೇಜಿಗೆ ಸೇರಿಸಲು ಹೋದಾಗ ರಸ್ತೆ ಬದಿಯಲ್ಲಿ ಮೊದಲ ಸಲ ಅದನ್ನು ಬಾಯಿಗೆ ಹಾಕಿಕೊಂಡು, ‘ಅರೆ, ಇದು ಸೋಡಾ ಹಣ್ಣು’ ಎಂದು ಅಲ್ಲಿಯೇ ನಿಂತುಬಿಟ್ಟಿದ್ದೆ.

ನಿಮಗೆ ಇನ್ನೊಂದು ಸಂಗತಿ ಹೇಳಲೇಬೇಕು. ಇದೇ ಮೀಥೈಲ್ ಆಂಥ್ರಾನಿಲೇಟ್ ಹಕ್ಕಿಗಳಿಗೆ ಸಹಿಸಲಾಗದು. ನಮಗೆ ಮೆಣಸಿನಕಾಯಿ ಹೇಗೆ ಬಾಯಿ ಉರಿಸುತ್ತದೆಯೋ ಹಾಗೆ ಅವುಗಳ ಕೊಕ್ಕಿನೊಳಗೆ ಉರಿಯುತ್ತದೆ. ಹೊರದೇಶಗಳಲ್ಲಿ ಹಣ್ಣಿನ ತೋಟಗಳ ಮೇಲೆ ಹಕ್ಕಿ ಕೂರದಂತೆ ಇದನ್ನೇ ಸಿಂಪಡಿಸುತ್ತಾರೆ. ಬಲೆ ಕಟ್ಟಿ, ಡಬ್ಬಿ ಬಾರಿಸಿ ಗಿಳಿ ಓಡಿಸುವ ನಿಮ್ಮಂಥವರಿಗೆ ಇದು ಬರೀ ಸೋಡಾದ ವಿಷಯವಲ್ಲ. ಆದರೆ ಸೋಡಾ ಸುರಿದು ಪ್ರಯೋಗ ಮಾಡಬೇಡಿ. ಸಕ್ಕರೆಗೆ ಇರುವೆ ಬಂದೀತು.

ರುಚಿಯ ತೀರ್ಪು: ಆ ಜಾತಿಯ ಮೂರು ಬಾಟಲಿಗಳನ್ನು ನಾನು ನೋಡಿದ್ದೇನೆ. ಮೂರೂ ಎರಡನೆಯ ಲೋಟದಲ್ಲಿ ಸೋತವು. ಬೆಚ್ಚಗಾದ ಮೇಲೆ ಉಳಿದದ್ದು ಸಕ್ಕರೆ ಮತ್ತು ಅತ್ತರು ಮಾತ್ರ. ನಿಮ್ಮ ತೋಟದ ಹಣ್ಣನ್ನು ಹಿಂಡಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು, ನಾಲ್ಕು ಹನಿ ಲಿಂಬೆ ಸೇರಿಸಿ ಅಷ್ಟೇ ಅಳತೆಯ ತಣ್ಣನೆಯ ಸಾದಾ ಸೋಡಾ ಹಾಕಿ ಮೊಮ್ಮಗನಿಗೆ ಕೊಡಿ. ನೇರಳೆ ಬಣ್ಣವಿಲ್ಲದ ದ್ರಾಕ್ಷಿ ಸೋಡಾ ಇದೆಯೆಂದು ಅವನಿಗೂ ಗೊತ್ತಾಗಲಿ.

ಲಾರಿ ಓಡಿಸುತ್ತೇನೆ. ಮುಂಬೈ, ಸೂರತ್ ನನ್ನ ಖಾಯಂ ದಾರಿ. ಒಮ್ಮೊಮ್ಮೆ ಮಂಗಳೂರು, ಮದುರೈ. ನಿಮ್ಮ ಅಂಕಣ ಓದಿ ಊರೂರಿನ ಸೋಡಾ ಕುಡಿಯುವ ಚಟ ಹತ್ತಿದೆ. ಯಾವ ಊರಿನಲ್ಲಿ ಯಾವುದನ್ನು ಬಿಡಬಾರದು?
– ಲಾರಿ ಚಾಲಕ, ನಿಪ್ಪಾಣಿ

ತಮ್ಮಾ, ಎಂಥ ಪ್ರಶ್ನೆ ಕೇಳಿದೆ! ನಿನ್ನ ದಾರಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಸೂರತ್ತಿನಲ್ಲಿ ಸೋಸಿಯೋ. 1923ರಿಂದ ಇರುವ ಪಾನೀಯ. ವಿಲಾಯತಿ ವಸ್ತು ಬಿಡಿ, ಸ್ವದೇಶಿ ಕೊಳ್ಳಿ ಎಂಬ ಕಾಲದಲ್ಲಿ ಹುಟ್ಟಿತು. ಮೊದಲ ಗುಟುಕಿಗೆ ಸೇಬು, ದ್ರಾಕ್ಷಿ ಎರಡೂ ಸ್ವಲ್ಪ ಹುಳಿಬಂದು ಕೂತಂತೆ ಅನ್ನಿಸುತ್ತದೆ. ಇದು ಕೆಟ್ಟಿದೆಯೇನೋ ಎಂದು ಕೆಳಗಿಟ್ಟವರನ್ನು ನೋಡಿದ್ದೇನೆ. ಕೆಳಗಿಡಬೇಡ. ಮೂರನೆಯ ಗುಟುಕಿನ ಹೊತ್ತಿಗೆ ಆ ಹುಳಿಯೇ ಹಿಡಿಸುತ್ತದೆ. ಎಣ್ಣೆಯಲ್ಲಿ ಕರಿದದ್ದರ ಜೊತೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ. ಎರಡನೆಯ ಲೋಟದಲ್ಲಿ ಪಾಸು.

ಮುಂಬೈಯಲ್ಲಿ ಹಳೆಯ ಇರಾನಿ ಹೋಟೆಲಿಗೆ ಹೋಗಿ ಪಾಲನ್‌ಜಿ ರಾಸ್‌ಬೆರಿ ಕೇಳು. 1865ರಿಂದ ನಡೆದುಬಂದ ಹೆಸರು. ಪಾರ್ಸಿ ಮದುವೆಯ ಊಟದಲ್ಲಿ ಇಂಥ ಕೆಂಪು ಸೋಡಾ ಇರಲೇಬೇಕಂತೆ. ಬಣ್ಣ ಓಕುಳಿಯಷ್ಟು ಕೆಂಪು, ಸಿಹಿ ನನ್ನ ಪಾಲಿಗೆ ಒಂದು ಚಮಚ ಹೆಚ್ಚು. ಖಾರದ ಊಟವಿದ್ದರೆ ಮಾತ್ರ ಕುಡಿ. ಬರೀ ಹೊಟ್ಟೆಯಲ್ಲಿ ಕುಡಿದರೆ ಅದಕ್ಕೂ ಅನ್ಯಾಯ, ನಿನಗೂ ಅನ್ಯಾಯ.

ಮಂಗಳೂರು ದಾರಿಯಲ್ಲಿ ಪುತ್ತೂರಿನ ಬಿಂದು ಜೀರಾ. ಇದು ಈಗ ನಮ್ಮ ವಿಜಯಪುರದ ಅಂಗಡಿಗಳಲ್ಲೂ ಇದೆ, ನಿನಗೆ ಹೊಸದಾಗಿರಲಾರದು. ಆದರೂ ಹೇಳುತ್ತೇನೆ: ಜೀರಿಗೆ ಹುರಿದ ವಾಸನೆಯನ್ನು ಬಾಟಲಿಯೊಳಗೆ ಹಿಡಿದಿಡುವುದು ಸುಲಭವಲ್ಲ. ಹುರಿದದ್ದು ಹೆಚ್ಚಾದರೆ ಕಮಟು, ಕಡಿಮೆಯಾದರೆ ಹಸಿ. ಗ್ಯಾಸ್ ಹೋದ ಮೇಲೂ ನಾನು ಮನಸಾರೆ ಕುಡಿಯುವ ಕೆಲವೇ ಪಾನೀಯಗಳಲ್ಲಿ ಇದೊಂದು. ಆಗ ಅದು ಒಳ್ಳೆಯ ಜಲಜೀರಾ ಆಗಿರುತ್ತದೆ, ಅಷ್ಟೇ.

ಮದುರೈ ಕಡೆಗೆ ಬೊವೊಂಟೊ. 1916ರಲ್ಲಿ ಆರಂಭವಾದ ಕಾಳಿಮಾರ್ಕ್ ಮನೆತನದ್ದು. ಕೋಲಾ ಎಂದುಕೊಂಡು ಕುಡಿದರೆ ದ್ರಾಕ್ಷಿ ಎದುರಾಗುತ್ತದೆ, ದ್ರಾಕ್ಷಿ ಎಂದುಕೊಂಡರೆ ಕೋಲಾ. ದೊಡ್ಡ ದೊಡ್ಡ ಕಂಪನಿಗಳ ನಡುವೆ ಒಂದು ಮನೆತನ ನೂರು ವರ್ಷ ತನ್ನ ರುಚಿಯನ್ನು ಉಳಿಸಿಕೊಂಡು ಬಂದಿದೆಯಲ್ಲ, ಆ ಒಂದು ಕಾರಣಕ್ಕೇ ನಾನು ಅದನ್ನು ನಿಂತು ಕುಡಿಯುತ್ತೇನೆ.

ಈಗ ತರುವ ವಿಷಯ. ಸಿಕ್ಕಿದರೆ ಗಾಜಿನ ಬಾಟಲಿಯನ್ನೇ ತಾ. ಪ್ಲಾಸ್ಟಿಕ್ ಬಾಟಲಿಯ ಗೋಡೆಯಿಂದ ಗ್ಯಾಸ್ ದಿನದಿನವೂ ಸೋರುತ್ತಿರುತ್ತದೆ. ಬಾಟಲಿ ಚಿಕ್ಕದಾದಷ್ಟೂ ಬೇಗ ಸೋರುತ್ತದೆ. ಹೆದ್ದಾರಿಯ ಅಂಗಡಿಯೊಂದರಲ್ಲಿ ಬಿಸಿಲಿಗಿಟ್ಟಿದ್ದ ಇನ್ನೂರು ಮಿಲಿಲೀಟರಿನ ಆರು ಬಾಟಲಿಗಳನ್ನು ಕೊಂಡು ತಂದಿದ್ದೆ. ಮನೆಯಲ್ಲಿ ಮುಚ್ಚಳ ತಿರುಗಿಸಿದರೆ ಒಂದೂ ಸದ್ದು ಮಾಡಲಿಲ್ಲ. ತಾರೀಕು ನೋಡಿ ಕೊಳ್ಳು, ಲಾರಿಯ ಕ್ಯಾಬಿನ್ನಿನಲ್ಲಿ ಇಡಬೇಡ.

ಅಮೆರಿಕದಲ್ಲಿರುವ ನಾದಿನಿ ‘ರೂಟ್ ಬಿಯರ್’ ತಂದಿದ್ದಳು. ಹೆಸರು ಕೇಳಿ ಅತ್ತೆಯವರು ಮುಟ್ಟಲಿಲ್ಲ. ನಾನು ಕುಡಿದರೆ ಸೊಂಟಕ್ಕೆ ಹಚ್ಚುವ ಮುಲಾಮಿನ ವಾಸನೆ! ಕೆಟ್ಟಿರಬಹುದೇ?
– ಗೃಹಿಣಿ, ಜಮಖಂಡಿ

ಕೆಟ್ಟಿಲ್ಲ ತಂಗಿ. ಅಂಗಡಿಯ ರೂಟ್ ಬಿಯರಿನಲ್ಲಿ ಸಾಮಾನ್ಯವಾಗಿ ಮದ್ಯ ಇರುವುದಿಲ್ಲ, ಡಬ್ಬಿಯ ಮೇಲೆ ಒಮ್ಮೆ ನೋಡಿ ಅತ್ತೆಯವರಿಗೆ ಧೈರ್ಯ ಹೇಳಿ. ಅಲ್ಲಿನವರು ಹಿಂದೆ ಸಾಸಫ್ರಾಸ್ ಎಂಬ ಮರದ ಬೇರಿನ ತೊಗಟೆಯನ್ನು ಕುದಿಸಿ ಈ ಪಾನೀಯ ಮಾಡುತ್ತಿದ್ದರು, ಅದಕ್ಕೇ ಬೇರಿನ ಹೆಸರು. ಆ ಬೇರಿನಲ್ಲಿರುವ ಸ್ಯಾಫ್ರೋಲ್ ಎಂಬ ಪದಾರ್ಥ ಒಳ್ಳೆಯದಲ್ಲವೆಂದು 1960ರಲ್ಲಿ ಅಲ್ಲಿನ ಸರ್ಕಾರ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಈಗಿನ ರೂಟ್ ಬಿಯರಿನಲ್ಲಿ ವೆನಿಲ್ಲಾದ ಜೊತೆಗೆ ಹೆಚ್ಚಾಗಿ ವಿಂಟರ್‌ಗ್ರೀನ್ ಎಂಬ ಗಿಡದ ಪರಿಮಳವಿರುತ್ತದೆ. ಅದರ ಎಣ್ಣೆಯೇ ನಮ್ಮ ಆಯುರ್ವೇದದ ಅಂಗಡಿಗಳ ಗಂಧಪುರ ತೈಲ. ನಮ್ಮ ನೋವಿನ ಮುಲಾಮುಗಳಲ್ಲಿ ಘಾಟು ಕೊಡುವುದೂ ಅದೇ.

ಹಾಗಾಗಿ ಅಮೆರಿಕದ ಮಗುವಿಗೆ ಈ ವಾಸನೆ ಬಂದರೆ ಜಾತ್ರೆಯ ನೆನಪು, ನಮಗೆ ಅಜ್ಜಿಯ ಮೊಣಕಾಲಿನ ನೆನಪು. ನಾಲಿಗೆ ಎರಡಕ್ಕೂ ಒಂದೇ. ಉಳಿದ ಡಬ್ಬಿಯನ್ನು ಚೆಲ್ಲಬೇಡಿ. ಚೆನ್ನಾಗಿ ತಣ್ಣಗೆ ಮಾಡಿ, ದೊಡ್ಡ ಲೋಟದಲ್ಲಿ ಒಂದು ಉಂಡೆ ವೆನಿಲ್ಲಾ ಐಸ್‌ಕ್ರೀಮ್ ಹಾಕಿ ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ಹಾಲಿನ ಕೊಬ್ಬು ಆ ಘಾಟನ್ನು ಮೆತ್ತಗೆ ಮಾಡುತ್ತದೆ. ನಾನು ಮೊದಲ ಸಲ ಮೂಗು ಮುಚ್ಚಿಕೊಂಡವಳು, ಹೀಗೆ ಮಾಡಿದ ಮೇಲೆ ಲೋಟದ ತಳವನ್ನೂ ಬಿಡಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಲಿಂಬೆ ಸೋಡಾದ ಗಾಡಿ ಹಾಕಿದ್ದೇನೆ. ಉಪ್ಪು ಹಾಕಿದ ಕೂಡಲೇ ಅರ್ಧ ಸೋಡಾ ನೊರೆಯಾಗಿ ಚೆಲ್ಲುತ್ತದೆ. ಸಮಯ ಉಳಿಯಲೆಂದು ಬೆಳಿಗ್ಗೆಯೇ ರಸ ಹಿಂಡಿಟ್ಟರೆ ಮಧ್ಯಾಹ್ನಕ್ಕೆ ಕಹಿ ಎನ್ನುತ್ತಾರೆ. ದಾರಿ ಹೇಳಿ ಅಕ್ಕಾ.
– ಯುವಕ, ಚಡಚಣ

ಮೊದಲು ನೊರೆ. ಸೋಡಾದೊಳಗೆ ಕರಗಿದ ಗ್ಯಾಸಿಗೆ ಹೊರಬರಲು ಒಂದು ಒರಟು ಜಾಗ ಬೇಕು. ಉಪ್ಪಿನ ಪ್ರತಿ ಹರಳಿನ ಮೂಲೆಮೂಲೆಯೂ ಅಂಥ ಜಾಗ. ಸೋಡಾದ ಮೇಲೆ ಉಪ್ಪು ಉದುರಿಸಿದರೆ ಸಾವಿರ ಬಾಗಿಲು ಒಟ್ಟಿಗೆ ತೆರೆದಂತೆ. ಅಪ್ಪ ಕಲಿಸಿದ ಕ್ರಮ ಹೀಗೆ: ಲೋಟಕ್ಕೆ ಮೊದಲು ಲಿಂಬೆ ರಸ, ಅದರಲ್ಲೇ ಉಪ್ಪು, ಕರಿ ಉಪ್ಪು, ಸಕ್ಕರೆ ಪಾಕ. ಚಮಚದ ಸದ್ದು ಬದಲಾಗುವ ತನಕ ಕಲಕು. ಹರಳಿದ್ದಾಗ ಚಮಚ ಕರಕರ ಎನ್ನುತ್ತದೆ, ಕರಗಿದ ಮೇಲೆ ಗಾಜಿನ ಸದ್ದು ಮಾತ್ರ ಉಳಿಯುತ್ತದೆ. ಆಮೇಲೆ ಲೋಟವನ್ನು ಓರೆ ಹಿಡಿದು ಗೋಡೆಯ ಗುಂಟ ಸೋಡಾ ಇಳಿಸು. ಆಮೇಲೆ ಕಲಕಬೇಡ.

ಸೋಡಾ ಮಂಜಿನಷ್ಟು ತಣ್ಣಗಿರಲಿ. ಸೊನ್ನೆ ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವ ಗ್ಯಾಸಿನಲ್ಲಿ 40 ಡಿಗ್ರಿಯ ನೀರು ಹಿಡಿಯುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಚಡಚಣದ ಮೇ ತಿಂಗಳ ಮಧ್ಯಾಹ್ನ ಗಾಡಿಯ ಮೇಲೆ ಬಿಸಿಲಿಗಿಟ್ಟ ಬಾಟಲಿ ನಿನಗೆ ನೊರೆ ಕೊಡುತ್ತದೆ, ಗಿರಾಕಿಗೆ ಬರೀ ನೀರು ಕೊಡುತ್ತದೆ. ಒದ್ದೆ ಗೋಣಿಚೀಲ ಸುತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡು.

ಇನ್ನು ಕಹಿ. ಹಿಂಡಿದ ರಸ ನಿಂತಂತೆ ಅದರಲ್ಲಿರುವ ಒಂದು ಪದಾರ್ಥ ಹುಳಿಯ ಸಂಗದಲ್ಲಿ ನಿಧಾನವಾಗಿ ಲಿಮೊನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ಬೀಜ ಜಜ್ಜಿದರೆ, ತಿರುಳಿನ ಬಿಳಿ ಪೊರೆ ರಸದಲ್ಲಿ ಬಿದ್ದರೆ ಅದು ಇನ್ನೂ ಹೆಚ್ಚು. ಹಾಗಾಗಿ ಹಿಂಡಿಡುವ ಆಸೆಯನ್ನೇ ಬಿಡು. ನಮ್ಮ ಜಿಲ್ಲೆಯ ಲಿಂಬೆ ತೆಳುಸಿಪ್ಪೆಯದು, ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಕೈಯಲ್ಲೇ ರಸ ಬಿಡುತ್ತದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿ ನಮ್ಮ ಇಂಡಿಯಲ್ಲೇ ಇದೆ. ಇಷ್ಟೆಲ್ಲ ಮನೆಯಂಗಳದಲ್ಲಿರುವಾಗ ಗಿರಾಕಿಯ ಕಣ್ಣೆದುರಿಗೇ ಹಣ್ಣು ಕೊಯ್ದು ಹಿಂಡು. ಲಿಂಬೆ ಕೊಯ್ದ ವಾಸನೆಗೇ ಪಕ್ಕದ ಬಸ್ಸಿನವರು ಇಳಿದು ಬರುತ್ತಾರೆ.

ನನಗೆ ಎಪ್ಪತ್ತೊಂದು. ಕಣ್ಣಿನ ಒತ್ತಡಕ್ಕೆ ಗುಳಿಗೆ ಆರಂಭಿಸಿದ ಮೇಲೆ ಸಂಜೆಯ ಸೋಡಾ ಸಪ್ಪೆಯಾಗಿದೆ. ಗ್ಯಾಸ್ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ತಾಗುವುದಿಲ್ಲ. ಅಂಗಡಿಯವನ ಜೊತೆ ಜಗಳವನ್ನೂ ಆಡಿದೆ.
– ನಿವೃತ್ತ ಶಿಕ್ಷಕರು, ಗೋಕಾಕ

ಹಿರಿಯರೇ, ಅಂಗಡಿಯವನೊಂದಿಗೆ ರಾಜಿಯಾಗಿ. ಗುಳಿಗೆಯ ಹೆಸರು ಅಸೆಟಾಜೋಲಮೈಡ್ ಎಂದಿದೆಯೇ ನೋಡಿ. ಸೋಡಾದ ಚುರುಕನ್ನು ನಾವು ಗುಳ್ಳೆ ಒಡೆದ ಪೆಟ್ಟು ಎಂದುಕೊಂಡಿರುತ್ತೇವೆ. ಅದು ಹಾಗಲ್ಲ. ನಾಲಿಗೆಯ ಮೇಲಿರುವ ಒಂದು ಕಿಣ್ವ ಆ ಗ್ಯಾಸನ್ನು ಆಮ್ಲವಾಗಿಸುತ್ತದೆ, ಚುಚ್ಚುವುದು ಆ ಆಮ್ಲ. ಗುಳ್ಳೆಯೇ ಏಳದಷ್ಟು ಒತ್ತಡವಿರುವ ಕೋಣೆಯಲ್ಲಿ ಸೋಡಾ ಕುಡಿಸಿ ನೋಡಿದಾಗಲೂ ಜನರಿಗೆ ಚುರುಕು ಹಾಗೆಯೇ ಇತ್ತು. ನಿಮ್ಮ ಗುಳಿಗೆ ಕಣ್ಣಿನಲ್ಲಿ ತಡೆಯುವುದು ಅದೇ ಕಿಣ್ವವನ್ನು. ನಾಲಿಗೆಯಲ್ಲೂ ಅದು ಸುಮ್ಮನಾಗುತ್ತದೆ. ಎತ್ತರದ ಪರ್ವತ ಹತ್ತುವವರು ಇದೇ ಗುಳಿಗೆ ನುಂಗಿ, ಮೇಲೆ ಹೋಗಿ ಬಿಯರ್ ಬಾಟಲಿ ತೆರೆದರೆ ನಿಮ್ಮ ಹಾಗೆಯೇ ಬೇಸರಪಡುತ್ತಾರೆ.

ದಯವಿಟ್ಟು ಸೋಡಾಕ್ಕಾಗಿ ಗುಳಿಗೆ ಬಿಡಬೇಡಿ. ಕಣ್ಣು ದೊಡ್ಡದು. ಈ ವಿಷಯವನ್ನು ವೈದ್ಯರಿಗೆ ಹೇಳಿ. ಅಲ್ಲಿಯವರೆಗೆ ಶುಂಠಿ ರಸದ ಪಾನೀಯ ಕುಡಿದು ನೋಡಿ. ಶುಂಠಿಯ ಖಾರಕ್ಕೆ ಆ ಕಿಣ್ವ ಬೇಕಿಲ್ಲ, ಅದು ನಾಲಿಗೆಗೆ ನೇರವಾಗಿ ತಾಗುತ್ತದೆ.

ಗೋಲಿ ಸೋಡಾದೊಳಗೆ ಗೋಲಿ ಹೋಗುವುದು ಹೇಗೆ? ನಮ್ಮ ತರಗತಿಯಲ್ಲಿ ಪಂದ್ಯ ಕಟ್ಟಿದ್ದೇವೆ.
– ಎಂಟನೆಯ ತರಗತಿಯ ಹುಡುಗಿಯರು, ಇಳಕಲ್ಲ

ಮಕ್ಕಳೇ, ಗೋಲಿ ಬಾಟಲಿಯೊಳಗೆ ಹೋಗುವುದು ಬಾಟಲಿ ಹುಟ್ಟುವಾಗಲೇ. ಗಾಜಿನ ಬಾಯಿಯನ್ನು ಕಿರಿದು ಮಾಡುವ ಮುಂಚೆ ಗೋಲಿಯನ್ನು ಒಳಗೆ ಬಿಟ್ಟಿರುತ್ತಾರೆ. 1872ರಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದ. ಆತನ ದೇಶದಲ್ಲಿ ಇದು ಎಂದೋ ಮರೆಯಾಯಿತು. ಜಪಾನಿನಲ್ಲಿ ರಮುನೆ ಎಂಬ ಹೆಸರಿನಲ್ಲಿ ಉಳಿದಿದೆ, ನಮ್ಮಲ್ಲಿ ಜಾತ್ರೆಗಳಲ್ಲಿ ಉಳಿದಿದೆ.

ಮುಂದಿನ ಬನಶಂಕರಿ ಜಾತ್ರೆಯಲ್ಲಿ ಬಾಟಲಿ ಸಿಕ್ಕರೆ ಕುತ್ತಿಗೆಯನ್ನು ಕೈಯಲ್ಲಿ ಹಿಡಿದು ನೋಡಿ. ಬಾಯಿಯ ಒಳಗಡೆ ರಬ್ಬರಿನ ಉಂಗುರವಿರುತ್ತದೆ. ಯಂತ್ರದಲ್ಲಿ ಬಾಟಲಿಯನ್ನು ಕೂರಿಸಿ, ಗ್ಯಾಸ್ ಬಿಟ್ಟು, ಹಿಡಿಕೆ ತಿರುಗಿಸುತ್ತಾರೆ. ಬಾಟಲಿ ತಲೆಕೆಳಗಾದಾಗ ಗೋಲಿ ಉರುಳಿ ಬಂದು ಆ ಉಂಗುರಕ್ಕೆ ಕೂರುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿದರೂ ಬೀಳುವುದಿಲ್ಲ, ಏಕೆಂದರೆ ಒಳಗಿನ ಗ್ಯಾಸು ಅದನ್ನು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಸೋಡಾ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ! ಕುತ್ತಿಗೆಯ ಕೆಳಗೆ ಹೊರಗಿನಿಂದ ಚಿವುಟಿದಂತೆ ಎರಡು ಗುಳಿಗಳಿರುತ್ತವೆ. ಕುಡಿಯುವಾಗ ಆ ಗುಳಿಗಳ ಕಡೆಯನ್ನು ಕೆಳಗೆ ಮಾಡಿ ಬಾಗಿಸಿದರೆ ಗೋಲಿ ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ತಿರುಗಿಸಿ ಹಿಡಿದರೆ ಗೋಲಿ ಬಂದು ಬಾಯಿಗೆ ಅಡ್ಡ ನಿಲ್ಲುತ್ತದೆ, ಸೋಡಾ ಬರುವುದಿಲ್ಲ.

ಅಪ್ಪ ಯಂತ್ರ ತಿರುಗಿಸುವಾಗ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಕಣ್ಣಿನಲ್ಲಿ ಕಾಣದ ಬಿರುಕಿದ್ದ ಬಾಟಲಿ ಒಡೆದರೆ ಚೂರು ಗೋಡೆಗೆ ಹೋಗಿ ನಾಟುತ್ತಿತ್ತು. ಅವನ ಎಡಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಒಂದು ಬಿಳಿಯ ಗೆರೆ ಇತ್ತು. ಬಾಟಲಿ ತೊಳೆದು ಬಿಸಿಲಿಗೆ ಹಿಡಿದು, ಬಿರುಕು ಹುಡುಕುವ ಕೆಲಸ ನನ್ನದು. ಹನ್ನೊಂದನೆಯ ವಯಸ್ಸಿನಿಂದ ಮದುವೆಯ ತನಕ ಮಾಡಿದೆ. ಪಂದ್ಯದಲ್ಲಿ ಯಾರು ಗೆದ್ದರೆಂದು ಬರೆದು ತಿಳಿಸಿ.

ತಾಯಿಗೆ ಸಕ್ಕರೆ ಕಾಯಿಲೆ. ಹಬ್ಬದ ದಿನ ಒಂದು ಕೋಲಾ ಕುಡಿಯಬಹುದೇ?
– ಓದುಗರು, ಬಾಗಲಕೋಟೆ

ಹೌದೋ ಅಲ್ಲವೋ ಎನ್ನಬೇಕಾದವರು ಅವರ ವೈದ್ಯರು. ನಾನು ಲೆಕ್ಕ ಮಾತ್ರ ಕೊಡುತ್ತೇನೆ: ಸಾಮಾನ್ಯ ಕೋಲಾದ 100 ಮಿಲಿಲೀಟರಿನಲ್ಲಿ ಸುಮಾರು 10.6 ಗ್ರಾಂ ಸಕ್ಕರೆ. 250 ಮಿಲಿಲೀಟರಿನ ಬಾಟಲಿಗೆ 26 ಗ್ರಾಂ ದಾಟುತ್ತದೆ. ಲೇಬಲ್ಲಿನ ಹಿಂಭಾಗದಲ್ಲಿ ಬರೆದಿರುತ್ತಾರೆ, ಅದನ್ನೇ ವೈದ್ಯರಿಗೆ ತೋರಿಸಿ. ಅವರಿಗೆ ಸಾದಾ ಸೋಡಾಕ್ಕೆ ಲಿಂಬೆ, ಹುರಿದ ಜೀರಿಗೆ ಪುಡಿ, ನಾಲ್ಕು ಪುದೀನಾ ಎಲೆ ಹಾಕಿ ಕೊಡಿ. ರಕ್ತದ ಒತ್ತಡ ಇಲ್ಲದಿದ್ದರೆ ಮಾತ್ರ ಉಪ್ಪು.

ಕಬ್ಬಿನ ಹಾಲಿಗೆ ಗ್ಯಾಸ್ ತುಂಬಿ ಬಾಟಲಿ ಮಾಡಬಾರದೇಕೆ? ನಮ್ಮ ಕಡೆ ಕಬ್ಬಿಗೇನು ಬರ.
– ಕಬ್ಬು ಬೆಳೆಗಾರರು, ಮುಧೋಳ

ಈ ಪತ್ರ ಬಂದ ದಿನವೇ ಎರಡು ಲೀಟರ್ ಕಬ್ಬಿನ ಹಾಲು ತರಿಸಿದೆ. ಮನೆಯಲ್ಲಿ ಸೋಡಾ ಮಾಡುವ ಚಿಕ್ಕ ಯಂತ್ರವಿದೆ. ಗ್ಯಾಸ್ ಬಿಟ್ಟ ಕೂಡಲೇ ಹಾಲುಕ್ಕಿದಂತೆ ಉಕ್ಕಿ, ಅಡುಗೆಮನೆಯ ಕಟ್ಟೆ, ಗೋಡೆ, ನನ್ನ ಸೀರೆಯ ಸೆರಗು ಎಲ್ಲವೂ ಅಂಟಂಟಾದವು. ರಸದಲ್ಲಿರುವ ನಾರಿನ ಪುಡಿ, ಅಂಟು ಪದಾರ್ಥಗಳೆಲ್ಲ ನೊರೆಯನ್ನು ಹಿಡಿದಿಡುತ್ತವೆ. ಎರಡನೆಯ ಸಲ ಮೂರು ಪದರ ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಈ ಸಲ ನಿಂತಿತು. ಹಿಂಡುವಾಗಲೇ ಲಿಂಬೆ, ಶುಂಠಿ ಹಾಕಿಸಿದ್ದರಿಂದ ಬಣ್ಣವೂ ಬೇಗ ಕಪ್ಪಾಗಲಿಲ್ಲ. ಲಿಂಬೆಯ ಹುಳಿ ಆ ಕಪ್ಪಾಗುವಿಕೆಯನ್ನು ತಡೆಯುತ್ತದೆ.

ರೂಢಿಯಂತೆ ಎರಡು ಲೋಟ ಇಟ್ಟೆ. ಮೊದಲನೆಯದರಲ್ಲಿ ಗ್ಯಾಸಿನ ಚುರುಕು ಕಬ್ಬಿನ ಹಸಿರು ವಾಸನೆಯನ್ನು ಹಿಂದಕ್ಕೆ ತಳ್ಳಿತು. ಎರಡನೆಯದರಲ್ಲಿ ಗ್ಯಾಸ್ ಇಳಿದ ಮೇಲೆ ಆ ವಾಸನೆ ಮರಳಿ ಬಂತು, ಬಾಯಿ ತುಂಬ ಬಂತು. ಜೀವನದಲ್ಲಿ ಮೊದಲ ಸಲ ನನಗೆ ಎರಡನೆಯ ಲೋಟವೇ ಹೆಚ್ಚು ರುಚಿಸಿತು. ಅಂದಮೇಲೆ ಅದಕ್ಕೆ ಗ್ಯಾಸ್ ಯಾಕೆ? ನಿಮ್ಮ ಗಾಣದ ಹತ್ತಿರ ನಿಂತು ಹಾಗೆಯೇ ಕುಡಿಯುತ್ತೇನೆ. ಹಂಗಾಮು ಶುರುವಾದಾಗ ತಿಳಿಸಿ, ಮುಧೋಳಕ್ಕೆ ಬರುತ್ತೇನೆ.